ಡಿಶ್‌ವಾಷರ್ ಸೋರುತ್ತಿದೆಯೇ? ಜಾಗ ಹುಡುಕುವ ಮೊದಲು ಹೊತ್ತು ನೋಡಿ

ಡಿಶ್‌ವಾಷರ್ ಕೆಳಗೆ ನೀರು ಕಂಡ ತಕ್ಷಣ ಹೆಚ್ಚಿನವರಿಗೆ ಅನುಮಾನ ಬರುವುದು ಬಾಗಿಲಿನ ರಬ್ಬರ್ ಮೇಲೆ. ನನಗೂ ಹಾಗೇ ಆಗಿತ್ತು. ಹೊಸ ರಬ್ಬರ್ ತರಿಸಿ, ಹಳೆಯದನ್ನು ಕಿತ್ತು, ಅರ್ಧ ಭಾನುವಾರ ಕಳೆದು ಕೂರಿಸಿದೆ. ಆ ರಾತ್ರಿ ಪಾತ್ರೆ ಹಾಕಿ ಮಲಗಿ, ಬೆಳಿಗ್ಗೆ ಎದ್ದು ನೋಡಿದರೆ ಅದೇ ಜಾಗದಲ್ಲಿ, ಬಾಗಿಲಿನ ಎಡಮೂಲೆಯ ಕೆಳಗೆ, ಮತ್ತೆ ಅಂಗೈಯಗಲದ ನೀರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು. ದೋಷ ಎಲ್ಲಿತ್ತು ಅನ್ನುವುದನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ಆಮೇಲೆ ಅರ್ಥವಾದದ್ದು ಇಷ್ಟು. ನೀರು ನೆಲದ ಮೇಲೆ ಎಲ್ಲಿ ನಿಂತಿದೆ ಅನ್ನುವುದನ್ನು ನಂಬಿ ಬಿಚ್ಚಲು ಹೊರಟರೆ ದಾರಿ ತಪ್ಪುತ್ತದೆ. ಹಿಂದಿನ ವಾಲ್ವಿನಿಂದ ಬಿದ್ದ ಹನಿ ತಳದ ತಟ್ಟೆಯ ಮೇಲೆ ಹರಿದು, ನೆಲದ ಇಳಿಜಾರು ಹಿಡಿದು, ಮುಂದೆ ಬಾಗಿಲಿನಡಿ ತೋರಿಸಿಕೊಳ್ಳುತ್ತದೆ. ಆದರೆ ನೀರು ಯಾವ ಹೊತ್ತಿನಲ್ಲಿ ಬಂತು ಅನ್ನುವುದು ಸುಳ್ಳು ಹೇಳುವುದಿಲ್ಲ. ಮಷಿನ್ ನೀರು ತುಂಬಿಕೊಳ್ಳುವಾಗಲೋ, ತೊಳೆಯುವಾಗಲೋ, ಹೊರಗೆ ತಳ್ಳುವಾಗಲೋ, ಆಫ್ ಆಗಿ ಸುಮ್ಮನೆ ನಿಂತಿದ್ದಾಗಲೋ ಅಂತ ಗೊತ್ತಾದರೆ ಅನುಮಾನದ ಪಟ್ಟಿಯಲ್ಲಿ ಉಳಿಯುವುದು ಎರಡೋ ಮೂರೋ ಭಾಗ.

ಮೊದಲು ಕರೆಂಟು, ಆಮೇಲೆ ನಲ್ಲಿ

ನೆಲದಲ್ಲಿ ನೀರು ಇದ್ದಾಗ ಮಷಿನ್ ಮುಟ್ಟುವ ಮೊದಲು ಬೋರ್ಡಿನಲ್ಲಿ ಅದರ ಎಂಸಿಬಿ ಇಳಿಸಿ. ಪ್ಲಗ್ ಸಿಂಕಿನ ಕೆಳಗೇ ಇದ್ದು ಅಲ್ಲಿ ಒದ್ದೆಯಾಗಿದ್ದರೆ ಎಂಸಿಬಿ ಇಳಿಸದೆ ಪ್ಲಗ್ಗಿಗೆ ಕೈ ಹಾಕಲೇಬೇಡಿ. ನಂತರ ಮಷಿನ್‌ಗೆ ಹೋಗುವ ನಲ್ಲಿ ಮುಚ್ಚಿ. ಕೆಳಭಾಗದ ತಗಡಿನ ಅಂಚು ಬ್ಲೇಡಿನ ಹಾಗಿರುತ್ತದೆ, ದಪ್ಪ ಕೈಗವಸು ಇರಲಿ. ನನ್ನ ಹೆಬ್ಬೆರಳಿನ ಮೇಲೆ ಅದರ ಗುರುತು ಇನ್ನೂ ಇದೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಂದು ಟಾರ್ಚ್, ಟಿಶ್ಯೂ ಪೇಪರ್, ಹಳೆಯ ನ್ಯೂಸ್ ಪೇಪರ್, ಸ್ಟಾರ್ ಸ್ಕ್ರೂ ಡ್ರೈವರ್, ಇಕ್ಕಳ, ರಸಮಟ್ಟ. ಹಲವು ಮಷಿನ್‌ಗಳಲ್ಲಿ ಆರು ಮೂಲೆಯ ನಕ್ಷತ್ರದಂಥ ತಲೆಯ ಸ್ಕ್ರೂ ಇರುತ್ತದೆ, ಅದಕ್ಕೆ ಟಾರ್ಕ್ಸ್ ಬಿಟ್ ಬೇಕು. ಸಾಮಾನ್ಯವಾಗಿ ಟಿ20 ಅಥವಾ ಟಿ15 ಕೂರುತ್ತದೆ. ಸಾದಾ ಸ್ಟಾರ್ ಡ್ರೈವರ್ ತುರುಕಿ ತಿರುಗಿಸಿದರೆ ತಲೆ ಸವೆದು ಆಮೇಲೆ ಯಾರ ಕೈಗೂ ಬಗ್ಗುವುದಿಲ್ಲ.

ಸೋರಿಕೆಯೇ ಅಲ್ಲದ ಸೋರಿಕೆ

ಬಿಚ್ಚುವ ಮೊದಲು ಎರಡು ಸಂಗತಿ ತಳ್ಳಿಹಾಕಿಕೊಳ್ಳಿ.

ಒಂದು, ನೊರೆ. ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಯಾರಾದರೂ ತಿಳಿಯದೆ ಒಂದು ಚಮಚ ಹಾಕಿದ್ದರೂ ಸಾಕು, ಒಳಗೆ ನೊರೆ ಬೆಟ್ಟದಂತೆ ಎದ್ದು ಬಾಗಿಲಿನ ಕೆಳಮೂಲೆಗಳಿಂದ ಹೊರಗೆ ಬರುತ್ತದೆ. ಡಿಶ್‌ವಾಷರ್ ಪುಡಿ, ಮಾತ್ರೆಗಳಲ್ಲಿ ನೊರೆ ಏಳದ ಹಾಗೆ ನೋಡಿಕೊಂಡಿರುತ್ತಾರೆ. ಬಾಗಿಲಿನ ರಬ್ಬರ್ ತಡೆಯುವುದು ಎರಚುವ ನೀರನ್ನು, ಮೇಲೇರಿ ಒತ್ತುವ ನೊರೆಯನ್ನಲ್ಲ. ಲಿಕ್ವಿಡ್ ಹಚ್ಚಿ ಅರೆಬರೆ ತೊಳೆದ ಪಾತ್ರೆಗಳನ್ನು ಜೋಡಿಸಿದರೂ ಇದೇ ಕಥೆ. ರಿನ್ಸ್ ಏಡ್ (ಪಾತ್ರೆ ಕಲೆಯಿಲ್ಲದೆ ಒಣಗಲು ಹಾಕುವ ದ್ರವ) ತುಂಬುವಾಗ ಹೊರಗೆ ಚೆಲ್ಲಿದ್ದನ್ನು ಒರೆಸದಿದ್ದರೂ ನೊರೆ ಬರುತ್ತದೆ. ಓಟ ನಿಲ್ಲಿಸಿ, ನೊರೆಯನ್ನು ಮೊಗೆದು ತೆಗೆದು, ಅರ್ಧ ಲೋಟ ವಿನೆಗರ್ ಸುರಿದು, ತಣ್ಣೀರಿನ ರಿನ್ಸ್ ಎರಡು ಮೂರು ಸಲ ಓಡಿಸಿ. ವಿನೆಗರ್ ಇಂಥ ಹೊತ್ತಿಗೆ ಸರಿ, ವಾರವಾರ ಸುರಿಯುವ ಅಭ್ಯಾಸ ಬೇಡ, ರಬ್ಬರಿಗೆ ಒಳ್ಳೆಯದಲ್ಲ.

ಎರಡು, ಹಬೆ. ಓಟ ಮುಗಿದ ತಕ್ಷಣ ಬಾಗಿಲು ತೆಗೆದರೆ ಹಬೆ ತಣ್ಣಗಿನ ಕಟ್ಟೆಯ ಅಡಿಗೆ ತಗುಲಿ ಹನಿಯಾಗಿ ಬೀಳುತ್ತದೆ. ನಾಲ್ಕಾರು ಹನಿ, ಅದೂ ಕೊನೆಯಲ್ಲಿ ಮಾತ್ರ ಅಂದರೆ ಮಷಿನ್ ಸರಿಯಾಗಿಯೇ ಇದೆ.

ಒಂದು ಓಟ ಪಕ್ಕದಲ್ಲೇ ಕೂತು ನೋಡಿ

ಇದು ಬೇಸರದ ಕೆಲಸ, ಆದರೆ ಇದನ್ನು ಬಿಟ್ಟು ಮುಂದೆ ಹೋದವರೇ ನನ್ನ ಹಾಗೆ ಬೇಡದ ಭಾಗ ತರಿಸುವುದು. ಮಷಿನ್ ಮುಂದಿನ ಕೆಳಗಿನ ಅಡ್ಡಪಟ್ಟಿಯನ್ನು ಬಿಚ್ಚಿ. ಸಾಮಾನ್ಯವಾಗಿ ಎರಡು ಸ್ಕ್ರೂ. ನೆಲವನ್ನು ಪೂರ್ತಿ ಒರೆಸಿ, ಕೆಳಗೆ ನ್ಯೂಸ್ ಪೇಪರ್ ಹಾಸಿ. ನೀರು ಬರುವ ಪೈಪಿನ ಎರಡೂ ಜೋಡಣೆಗೆ, ಹೊರಹೋಗುವ ಪೈಪು ಸಿಂಕಿಗೆ ಸೇರುವ ಜಾಗಕ್ಕೆ ಒಂದೊಂದು ಟಿಶ್ಯೂ ಸುತ್ತಿ. ಒಳಗೆ ಪಾತ್ರೆ ಬೇಡ, ಪುಡಿಯೂ ಬೇಡ. ಬಿಸಿನೀರಿರುವ ಚಿಕ್ಕ ಪ್ರೋಗ್ರಾಂ ಹಾಕಿ, ಫೋನಿನಲ್ಲಿ ಸಮಯ ಬರೆದುಕೊಳ್ಳುತ್ತ ಕೂರಿ. ಮಷಿನ್ ಓಡುತ್ತಿರುವಾಗ ಕೆಳಗೆ ಟಾರ್ಚಿನ ಬೆಳಕು ಮಾತ್ರ ಹೋಗಲಿ, ಕೈ ಬೇಡ. ಅಲ್ಲಿ ಕರೆಂಟಿನ ತಂತಿಗಳಿವೆ.

ಸದ್ದು ಕೇಳಿದರೆ ಯಾವ ಘಟ್ಟ ಅಂತ ತಿಳಿಯುತ್ತದೆ. ಮೊದಲ ಅರ್ಧ ನಿಮಿಷ ಗುರ್ ಅನ್ನುವುದು ಉಳಿದ ನೀರನ್ನು ಹೊರಹಾಕುವ ಪಂಪು. ನಂತರ ಸುಯ್ ಅಂತ ನೀರು ತುಂಬುತ್ತದೆ, ಒಂದೆರಡು ನಿಮಿಷ. ಆಮೇಲೆ ಒಳಗೆ ಮಳೆ ಹೊಡೆದಂಥ ಸದ್ದು, ಅದು ತೊಳೆತ. ಒಂದು ಸಲಕ್ಕೆ ಒಳಗೆ ಬರುವ ನೀರು 3ರಿಂದ 4 ಲೀಟರ್ ಅಷ್ಟೇ. ತಳದ ಗುಂಡಿಯಲ್ಲಿ ನಿಂತ ಅದೇ ನೀರನ್ನು ಪಂಪು ಮತ್ತೆ ಮತ್ತೆ ಮೇಲಕ್ಕೆ ಎರಚುತ್ತದೆ. ಅಂದರೆ ಸರಿಯಾದ ಮಷಿನ್‌ನಲ್ಲಿ ನೀರಿನ ಮಟ್ಟ ಬಾಗಿಲಿನ ಅಂಚಿಗೆ ಬರುವುದೇ ಇಲ್ಲ. ಬಾಗಿಲಿನಿಂದ ನೀರು ಬಂತು ಅಂದರೆ ಯಾರೋ ಅದನ್ನು ಅಲ್ಲಿಗೆ ಎಸೆದಿರಬೇಕು, ಅಥವಾ ಒಳಗೆ ಅಳತೆ ಮೀರಿ ತುಂಬಿರಬೇಕು. ರಬ್ಬರ್ ಕೊನೆಯ ಅನುಮಾನ ಆಗಬೇಕಾದ್ದು ಇದಕ್ಕೇ.

ಸೋರಿದ ನೀರನ್ನು ಬೆರಳಿಗೆ ಹಚ್ಚಿ ಉಜ್ಜಿಯೂ ನೋಡಿ. ತಣ್ಣಗೆ, ತಿಳಿಯಾಗಿದ್ದರೆ ಅದು ಒಳಗೆ ಬರುವ ಕಡೆಯದು. ಬೆಚ್ಚಗಿದ್ದು ಜಾರುವ ಹಾಗಿದ್ದರೆ ತೊಳೆತದ ನೀರು. ಜಿಡ್ಡು, ವಾಸನೆ ಇದ್ದರೆ ಹೊರಹೋಗುವ ಪೈಪಿನ ಕಡೆ ನೋಡಿ. ಪುಡಿ ಹಾಕದೆ ಓಡಿಸಿದಾಗ ಈ ಪರೀಕ್ಷೆ ಅಷ್ಟು ಸ್ಪಷ್ಟವಿರುವುದಿಲ್ಲ, ಮಾಮೂಲಿ ದಿನ ಸೋರಿದಾಗ ಮಾಡಿ.

ತುಂಬುವಾಗ ಸೋರಿದರೆ

ಟಿಶ್ಯೂ ಒದ್ದೆಯಾಗಿದ್ದರೆ ಸುಲಭ. ನಲ್ಲಿಗೆ ಸೇರುವ ಮುಕ್ಕಾಲು ಇಂಚಿನ ನಟ್ಟಿನೊಳಗೆ ಒಂದು ರಬ್ಬರ್ ವಾಷರ್ ಇರುತ್ತದೆ, ಅದು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಬದಲಾಯಿಸಿ, ಕೈಯಲ್ಲೇ ಬಿಗಿ ಮಾಡಿ, ಹೆಚ್ಚೆಂದರೆ ಇಕ್ಕಳದಲ್ಲಿ ಕಾಲು ಸುತ್ತು. ಪ್ಲಾಸ್ಟಿಕ್ ನಟ್ಟಿಗೆ ಬಲ ತೋರಿಸಿದರೆ ಅದು ಸೀಳುತ್ತದೆ. ಪೈಪಿನ ನಲ್ಲಿ ಕಡೆಯ ತುದಿಯಲ್ಲಿ ದಪ್ಪ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಅದು ನೀರು ತಡೆಯುವ ಸುರಕ್ಷಾ ವಾಲ್ವ್. ಅಂಥ ಪೈಪನ್ನು ಕತ್ತರಿಸಿ ಜೋಡಿಸುವಂತಿಲ್ಲ. ಅದು ಎರಡು ಪದರದ ಪೈಪು, ಕೆಲವದರಲ್ಲಿ ಒಳಗೆ ಕರೆಂಟಿನ ತಂತಿಯೂ ಹೋಗಿರುತ್ತದೆ. ಪೂರ್ತಿ ಬದಲಾಯಿಸುವುದೇ ದಾರಿ.

ಜೋಡಣೆ ಒಣಗಿದ್ದೂ ತುಂಬುವ ಹೊತ್ತಿಗೇ ನೀರು ಬಂದರೆ, ಎಡಪಕ್ಕದ ತಗಡು ಬಿಚ್ಚಿ ನೋಡಬೇಕು. ಹಲವು ಮಷಿನ್‌ಗಳಲ್ಲಿ ಅಲ್ಲಿ ಚಪ್ಪಟೆಯ, ಒಳಗೆ ಅಂಕುಡೊಂಕು ದಾರಿಗಳಿರುವ ಪ್ಲಾಸ್ಟಿಕ್ ತೊಟ್ಟಿ ಇರುತ್ತದೆ. ಬರುವ ನೀರು ಅದರ ಮೂಲಕವೇ ಹಾದುಹೋಗುತ್ತದೆ. ಗಡಸು ನೀರಿದ್ದಲ್ಲಿ ಬಿಳಿ ಸುಣ್ಣದಂಥ ಪದರ ಕಟ್ಟಿ ದಾರಿ ಕಿರಿದಾಗಿ ನೀರು ಹೊರಗೆ ಒಸರುತ್ತದೆ. ಒಸರಿದ ಜಾಗದಲ್ಲಿ ಬಿಳಿ ಗೆರೆ ಉಳಿದಿರುತ್ತದೆ. ಸೋರಿಕೆ ನಿಂತು ವಾರವಾದರೂ ಆ ಗೆರೆ ಸಾಕ್ಷಿ ಹೇಳುತ್ತದೆ.

ತೊಳೆಯುವಾಗ ಸೋರಿದರೆ

ಹೆಚ್ಚಿನ ಸೋರಿಕೆ ಇಲ್ಲಿಯದೇ, ಆದ್ದರಿಂದ ನಿಧಾನವಾಗಿ ನೋಡೋಣ.

ಮೊದಲು ಪಾತ್ರೆ ಜೋಡಣೆ. ದೊಡ್ಡ ತಟ್ಟೆಯನ್ನೋ ಪರಾತವನ್ನೋ ಬಾಗಿಲಿಗೆ ತಾಗುವ ಹಾಗೆ ಓರೆಯಾಗಿ ನಿಲ್ಲಿಸಿದರೆ, ಕೆಳಗಿನಿಂದ ಬಂದ ಧಾರೆ ಅದಕ್ಕೆ ಬಡಿದು ನೇರ ಬಾಗಿಲಿನ ಕೆಳಸಂದಿಗೆ ಹೋಗುತ್ತದೆ. ಖಾಲಿ ಓಟದಲ್ಲಿ ಸೋರದೆ, ಪಾತ್ರೆ ತುಂಬಿದಾಗ ಮಾತ್ರ ಸೋರಿದರೆ ಇದೇ ಕಾರಣ ಅಂತ ಹೆಚ್ಚುಕಡಿಮೆ ಹೇಳಿಬಿಡಬಹುದು.

ಆಮೇಲೆ ಮಟ್ಟ. ಬಾಗಿಲು ತೆಗೆದು ತೊಟ್ಟಿಯ ಅಂಚಿನ ಮೇಲೆ ರಸಮಟ್ಟ ಇಡಿ. ಅಡ್ಡಕ್ಕೆ ಸರಿಯಾಗಿರಬೇಕು, ಉದ್ದಕ್ಕೆ ಮುಂದಕ್ಕೆ ಬಾಗಿರಬಾರದು. ಮುಂದಿನ ಕಾಲು ತಗ್ಗಿದ್ದರೆ ನೀರು ಬಾಗಿಲಿನ ಕಡೆಗೆ ವಾಲುತ್ತದೆ. ಕಾಲುಗಳನ್ನು ತಿರುಗಿಸಿದರೆ ಏರುತ್ತವೆ, ಇಳಿಯುತ್ತವೆ. ಇದನ್ನು ಸರಿಮಾಡಲು ಒಂದು ಪೈಸೆ ಖರ್ಚಿಲ್ಲ.

ಈಗ ನನ್ನ ಮಷಿನ್ನಿನ ಕಥೆ. ತಳದಲ್ಲಿ ತಿರುಗುವ ಸ್ಪ್ರೇ ಆರ್ಮ್ ನೋಡಲು ಒಂದೇ ಕೋಲಿನ ಹಾಗೆ ಕಂಡರೂ, ಸಾಮಾನ್ಯವಾಗಿ ಅದು ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಚಿಪ್ಪು ಇಟ್ಟು ಬೆಸೆದದ್ದು. ವರ್ಷಗಟ್ಟಲೆ ಬಿಸಿನೀರು ಕುಡಿದು ಆ ಬೆಸುಗೆ ಬಾಯಿ ಬಿಡುತ್ತದೆ. ಕಣ್ಣಿಗೆ ನನಗೇನೂ ಕಾಣಲಿಲ್ಲ. ಉಗುರಿನ ತುದಿಯನ್ನು ಅಂಚಿನುದ್ದಕ್ಕೂ ಎಳೆಯುತ್ತ ಹೋದೆ. ಒಂದು ತುದಿಯಿಂದ ನಾಲ್ಕು ಬೆರಳಿನಷ್ಟು ಒಳಗೆ ಉಗುರು ಸಣ್ಣಗೆ ಸಿಕ್ಕಿಕೊಂಡಿತು. ನಡುವಿನ ತೂತನ್ನು ನಲ್ಲಿಯ ಬಾಯಿಗೆ ಒತ್ತಿ ಹಿಡಿದು ನೀರು ಬಿಟ್ಟಾಗ, ಮೇಲಿನ ತೂತುಗಳಿಂದ ಧಾರೆಗಳು ಬರುತ್ತಿದ್ದ ಹಾಗೇ, ಪಕ್ಕದ ಆ ಸೀಳಿನಿಂದ ಬಾಳೆಯ ಸುಳಿಯಷ್ಟು ತೆಳ್ಳಗಿನ ನೀರಿನ ಹಾಳೆಯೊಂದು ಅಡ್ಡಕ್ಕೆ ಹರಡಿಕೊಂಡಿತು. ಮಷಿನ್ನಿನೊಳಗೆ ಆರ್ಮ್ ತಿರುಗಿ ಬಾಗಿಲಿನ ಮುಂದೆ ಹಾದಾಗಲೆಲ್ಲ ಆ ಹಾಳೆ ಕೆಳಮೂಲೆಗೆ ಬಡಿಯುತ್ತಿತ್ತು. ಹೊಸ ರಬ್ಬರ್ ಪಾಪ ಏನು ಮಾಡೀತು.

ಸೀಳಿದ ಆರ್ಮ್‌ಗೆ ಅಂಟು ಹಚ್ಚಿ ಉಳಿಸಲು ಹೋಗಬೇಡಿ. 65–70 ಡಿಗ್ರಿಯ ನೀರು, ಮೇಲೆ ಡಿಶ್‌ವಾಷರ್ ಪುಡಿಯ ಕ್ಷಾರ, ಯಾವ ಅಂಟೂ ಬಹಳ ದಿನ ತಡೆಯುವುದಿಲ್ಲ. ಮಾಡೆಲ್ ನಂಬರ್ ಹೇಳಿ ಹೊಸದನ್ನೇ ತರಿಸಿ. ಆ ನಂಬರ್ ಬಾಗಿಲಿನ ಒಳ ಅಂಚಿನ ಚೀಟಿಯಲ್ಲಿ ಇರುತ್ತದೆ. ಆರ್ಮ್ ಕೆಲವದರಲ್ಲಿ ಮೇಲಕ್ಕೆ ಎಳೆದರೆ ಬರುತ್ತದೆ, ಕೆಲವದರಲ್ಲಿ ನಡುವಿನ ನಟ್ ಬಿಚ್ಚಬೇಕು. ಸೀಳಿಲ್ಲದಿದ್ದರೂ ತೂತುಗಳಲ್ಲಿ ಕಸ, ಬೀಜ ಸಿಕ್ಕಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಿ. ಒಂದೆರಡು ತೂತು ಕಟ್ಟಿದರೆ ಧಾರೆ ಓರೆಯಾಗುತ್ತದೆ. ಚಮಚದ ಹಿಡಿ ಕೆಳಗೆ ತೂರಿ ಆರ್ಮ್ ತಿರುಗದೆ ನಿಂತರೂ ಹಾಗೆಯೇ, ಒಂದೇ ಜಾಗಕ್ಕೆ ಇಡೀ ಹೊತ್ತು ನೀರು ಬಡಿಯುತ್ತದೆ. ಆರ್ಮ್ ಯಾವ ದಿಕ್ಕಿಗಿದೆ ಅಂತ ನೋಡಿಟ್ಟು, ಎರಡು ನಿಮಿಷ ಓಡಿಸಿ ನಿಲ್ಲಿಸಿ ಬಾಗಿಲು ತೆಗೆದು ನೋಡಿ. ಎರಡು ಮೂರು ಸಲವೂ ಅಲ್ಲೇ ನಿಂತಿದ್ದರೆ ಅದು ತಿರುಗುತ್ತಿಲ್ಲ.

ಇಷ್ಟಾದ ಮೇಲೆ ರಬ್ಬರ್. ಬಾಗಿಲಿನ ಚೌಕಟ್ಟಿನಲ್ಲಿ ಮೇಲೆ ಮತ್ತು ಎರಡು ಪಕ್ಕ ಸೇರಿ ಒಂದೇ ಉದ್ದದ ರಬ್ಬರ್ ಇರುತ್ತದೆ. ಕೆಳಗೆ ಬೇರೆಯದೇ ಒಂದು ಪಟ್ಟಿ, ಬಾಗಿಲಿನ ಕೆಳ ಅಂಚಿಗೆ ಸಿಕ್ಕಿಸಿದ್ದು. ಆ ಕೆಳಪಟ್ಟಿಯನ್ನು ಮರೆಯುವವರೇ ಹೆಚ್ಚು. ಒಂದು ಕಾಗದದ ಚೂರನ್ನು ಸಂದಿಗಿಟ್ಟು ಬಾಗಿಲು ಮುಚ್ಚಿ ಎಳೆಯಿರಿ, ಬಿಗಿ ಸಿಗಬೇಕು. ಸುತ್ತಲೂ ಹತ್ತು ಕಡೆ ಹೀಗೆ ಮಾಡಿ. ಒಂದೇ ಕಡೆ ಸಡಿಲವಿದ್ದರೆ ಅಲ್ಲಿ ಕಸ ಸಿಕ್ಕಿರಬಹುದು ಅಥವಾ ರಬ್ಬರ್ ಚಪ್ಪಟೆಯಾಗಿರಬಹುದು. ಒಂದು ಪಕ್ಕ ಪೂರ್ತಿ ಸಡಿಲವಾದರೆ ರಬ್ಬರಿಗಿಂತ ಮೊದಲು ಬಾಗಿಲಿನ ಕೊಂಡಿ, ಹಿಂಜು ನೋಡಿ. ಬದಲಾಯಿಸಲೇಬೇಕಾದರೆ ಹೊಸ ರಬ್ಬರನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಹಾಕಿ ಮೆತ್ತಗೆ ಮಾಡಿಕೊಂಡು, ಮೇಲಿನ ಪಟ್ಟಿಯ ನಟ್ಟನಡುವಿನಿಂದ ಶುರುಮಾಡಿ ಎರಡೂ ಕಡೆಗೆ ಒತ್ತುತ್ತ ಇಳಿಯಿರಿ. ಒಂದು ತುದಿಯಿಂದ ಹೊರಟರೆ ಎಳೆದೆಳೆದು ಇನ್ನೊಂದು ತುದಿಯಲ್ಲಿ ಎರಡು ಇಂಚು ಉಳಿಯುತ್ತದೆ, ಅದನ್ನು ಕತ್ತರಿಸಲು ಕೈ ಹೋಗುತ್ತದೆ. ವಾರದೊಳಗೆ ರಬ್ಬರ್ ಮತ್ತೆ ಕುಗ್ಗಿ ಮೂಲೆಯಲ್ಲಿ ಸಂದಿ ಬೀಳುತ್ತದೆ. ಮತ್ತೆ, ಸಿಲಿಕೋನ್ ಬಳಿಯುವ ಉಪಾಯ ಬೇಡವೇ ಬೇಡ. ಮುಂದಿನ ಸಲ ಕೆರೆದು ತೆಗೆಯುವಷ್ಟರಲ್ಲಿ ಚೌಕಟ್ಟೇ ಗೀರಿಹೋಗಿರುತ್ತದೆ.

ಮುಂದೆ ಏನೂ ಸೋರದೆ, ಮಷಿನ್ನಿನ ನಡುಮಧ್ಯ ಕೆಳಗೆ ತೊಟ್ಟಿಕ್ಕುತ್ತಿದ್ದರೆ ತೊಳೆಯುವ ಪಂಪು ಮತ್ತು ಅದರ ಪೈಪುಗಳ ಕಡೆ ಟಾರ್ಚ್ ಹಾಕಿ. ಪೈಪಿನ ಕ್ಲ್ಯಾಂಪ್ ಸಡಿಲವಾಗಿದ್ದರೆ ಅದೃಷ್ಟ. ಕೆಲವು ಮಷಿನ್‌ಗಳಲ್ಲಿ ಮೋಟರಿನ ಅಚ್ಚು ಪಂಪಿನೊಳಗೆ ಹೋಗುವಲ್ಲಿ ಕಾರ್ಬನ್ ಮತ್ತು ಸೆರಾಮಿಕ್ ಬಿಲ್ಲೆಗಳ ಸೀಲ್ ಇರುತ್ತದೆ. ಅದು ಸವೆದರೆ ಪಂಪು ಓಡುವಾಗ ಹನಿ ಜೋರಾಗಿ, ನಿಂತಾಗ ಕಡಿಮೆಯಾಗುತ್ತದೆ. ನೀರು ನೇರ ಮೋಟರಿನ ಬೇರಿಂಗಿಗೆ ಇಳಿಯುವುದರಿಂದ ಇದನ್ನು ಮುಂದೂಡಬೇಡಿ. ಕಿರ್ ಅನ್ನುವ ಸದ್ದು ಶುರುವಾಗಿದ್ದರೆ ಸೀಲ್ ಒಂದನ್ನೇ ಬದಲಾಯಿಸಿ ಪ್ರಯೋಜನವಿಲ್ಲ, ಪಂಪೇ ಹೋಗುತ್ತಿದೆ ಅಂತ ಲೆಕ್ಕ. ಇದು ನನ್ನ ಕೈಮೀರಿದ್ದು, ಮೆಕ್ಯಾನಿಕ್ ಕರೆಯುತ್ತೇನೆ.

ಇನ್ನೊಂದು ಕಾರಣ ಕೈಪಿಡಿಗಳಲ್ಲಿ ಹೆಚ್ಚಾಗಿ ಕಾಣುವುದಿಲ್ಲ: ಇಲಿ. ಮಷಿನ್ನಿನಡಿ ಬೆಚ್ಚಗಿರುತ್ತದೆ, ಪೈಪು ಮೆತ್ತಗಿರುತ್ತದೆ. ಪೈಪಿನ ಮೇಲೆ ಜೋಡಿ ಜೋಡಿ ಹಲ್ಲಿನ ಗುರುತು, ಕೆಳಗೆ ಹಿಕ್ಕೆ ಕಂಡರೆ ಬೇರೇನೂ ಹುಡುಕುವುದು ಬೇಡ. ತಂತಿಗಳನ್ನೂ ಕಡಿದಿದೆಯೇ ಅಂತ ನೋಡದೆ ಮಾತ್ರ ಮತ್ತೆ ಕರೆಂಟು ಕೊಡಬೇಡಿ.

ಹೊರಹಾಕುವಾಗ ಸೋರಿದರೆ

ಇಲ್ಲಿ ಬಹಳ ಸಲ ಮಷಿನ್ ನಿರಪರಾಧಿ. ಪಂಪು ರಭಸದಿಂದ ತಳ್ಳಿದ ನೀರನ್ನು ಅರ್ಧ ಕಟ್ಟಿದ ಸಿಂಕಿನ ಪೈಪು ತಡೆಯಲಾರದೆ ತನ್ನ ಜೋಡಣೆಯಿಂದ ಹೊರಹಾಕುತ್ತದೆ. ಸಿಂಕಿನಲ್ಲಿ ಒಂದು ಬಕೆಟ್ ನೀರು ತುಂಬಿ ಒಮ್ಮೆಗೇ ಬಿಟ್ಟು ನೋಡಿ, ಕೆಳಗೆ ಅದೇ ಜಾಗ ಒದ್ದೆಯಾದರೆ ಪ್ಲಂಬರ್ ಕೆಲಸ. ಹೊರಹೋಗುವ ಪೈಪಿನ ಕ್ಲ್ಯಾಂಪ್, ಗೋಡೆಗೆ ಒತ್ತಿ ಮಡಿಚಿಕೊಂಡ ಕಡೆ ಬಿದ್ದ ಬಿರುಕು, ಇವೆರಡನ್ನೂ ನೋಡಿ.

ಸುಮ್ಮನೆ ನಿಂತಾಗಲೂ ನೀರು ಬಂದರೆ

ಮಷಿನ್ ಆಫ್ ಆಗಿದ್ದೂ ಒಳಗೆ ನೀರು ಏರುತ್ತಿದ್ದರೆ ನೀರನ್ನು ಒಳಗೆ ಬಿಡುವ ಇನ್‌ಲೆಟ್ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ. ಖಚಿತ ಮಾಡಿಕೊಳ್ಳಲು, ನೀರು ತುಂಬುತ್ತಿರುವಾಗ ಎಂಸಿಬಿ ಇಳಿಸಿ. ಸದ್ದು ತಕ್ಷಣ ನಿಲ್ಲಬೇಕು. ಕರೆಂಟಿಲ್ಲದೆಯೂ ಸುಯ್ ಅನ್ನುತ್ತಿದ್ದರೆ ವಾಲ್ವಿನ ಒಳಗೆ ಮರಳೋ ತುಕ್ಕೋ ಸಿಕ್ಕಿದೆ. ಜಾಲರಿ ತೊಳೆದರೆ ಕೆಲವೊಮ್ಮೆ ಸರಿಹೋಗುತ್ತದೆ, ಇಲ್ಲದಿದ್ದರೆ ವಾಲ್ವ್ ಬದಲಾಯಿಸಬೇಕು. ಎಂಸಿಬಿ ಇಳಿಸಿದಾಗ ಸದ್ದು ನಿಂತರೆ ವಾಲ್ವ್ ಸರಿ ಇದೆ, ನೀರಿನ ಮಟ್ಟ ಅಳೆಯುವ ಸ್ವಿಚ್ಚೋ ಮಷಿನ್ನಿನ ಕಂಟ್ರೋಲ್ ಬೋರ್ಡೋ ಅದಕ್ಕೆ ಸಾಕು ಅಂತ ಹೇಳುತ್ತಿಲ್ಲ. ಒಳಗೆ ಮುಂದಿನ ಮೂಲೆಯಲ್ಲಿ ಅಣಬೆಯಂಥ ಪ್ಲಾಸ್ಟಿಕ್ ಮುಚ್ಚಳ (ನೀರಿನ ಜೊತೆ ಏರಿ ಆ ಸ್ವಿಚ್ ಒತ್ತುವ ತೇಲು) ಇರುವ ಮಷಿನ್ ಆದರೆ ಅದನ್ನು ಎತ್ತಿ ಬಿಡಿ, ತಾನಾಗಿ ಕೆಳಗೆ ಬೀಳಬೇಕು.

ಇದರಲ್ಲೊಂದು ಸೂಕ್ಷ್ಮ ಇದೆ. ಈ ವಾಲ್ವ್ ಬಿಗಿಯಾಗಿ ಮುಚ್ಚಲು ನೀರಿನ ಒತ್ತಡವೇ ಬೇಕು. ಹಲವು ಕೈಪಿಡಿಗಳು ಕನಿಷ್ಠ 0.5 ಬಾರ್ ಕೇಳುತ್ತವೆ, ಅಂದರೆ ಮಾಳಿಗೆಯ ಮೇಲಿನ ತೊಟ್ಟಿಯ ನೀರು ನಲ್ಲಿಗಿಂತ ಸುಮಾರು 5 ಮೀಟರ್ ಮೇಲಿರಬೇಕು. ತೊಟ್ಟಿ ತಲೆಯ ಮೇಲೇ ಇರುವ ಮನೆಯಲ್ಲಿ ಹೊಸ ವಾಲ್ವ್ ಹಾಕಿದರೂ ಜಿನುಗು ನಿಲ್ಲದಿರಬಹುದು.

ಪರದೆಯ ಮೇಲೆ ಕೋಡ್ ಬಂದರೆ

ಬಾಷ್, ಸೀಮೆನ್ಸ್‌ಗಳಲ್ಲಿ ಇ15, ಎಲೆಕ್ಟ್ರೋಲಕ್ಸ್, ಎಇಜಿಗಳಲ್ಲಿ ಐ30, ಮೀಲೆಯಲ್ಲಿ ಎಫ್70. ಎಲ್ಲದರ ಅರ್ಥವೂ ಒಂದೇ, ತಳದ ತಟ್ಟೆಯಲ್ಲಿ ನೀರು ಸೇರಿದೆ. ಆ ತಟ್ಟೆಯಲ್ಲಿ ಥರ್ಮೋಕೋಲಿನ ಬಿಲ್ಲೆಯೊಂದು ತೇಲಿ ಸ್ವಿಚ್ ಒತ್ತುತ್ತದೆ, ಮಷಿನ್ ನೀರು ತುಂಬುವುದನ್ನು ನಿಲ್ಲಿಸುತ್ತದೆ, ಹೊರಹಾಕುವ ಪಂಪು ಬಿಡದೆ ಓಡುತ್ತಿರುತ್ತದೆ. ಮಷಿನ್ನನ್ನು ಹಿಂದಕ್ಕೆ ವಾಲಿಸಿ ನೀರು ಚೆಲ್ಲಿದರೆ ಕೋಡ್ ಹೋಗುತ್ತದೆ ಅನ್ನುವ ಉಪಾಯ ಎಲ್ಲೆಡೆ ಓಡಾಡುತ್ತಿದೆ. ಹೋಗುತ್ತದೆ, ನಿಜ. ಆದರೆ ಒಳಗಿನ ನೀರು ತಂತಿಗಳ ಮೇಲೂ ಹರಿಯುತ್ತದೆ, ಸೋರಿಕೆ ಇದ್ದ ಹಾಗೇ ಇರುತ್ತದೆ. ಹಾಗೆ ಮಾಡುವ ಬದಲು ಕರೆಂಟು ತೆಗೆದು, ಕೆಳಗಿನ ಪಟ್ಟಿ ಬಿಚ್ಚಿ, ಸ್ಪಂಜಿನಿಂದ ನೀರು ಹೀರಿ ಒಣಗಿಸಿ. ತಟ್ಟೆ ಪೂರ್ತಿ ಒಣಗಿದ್ದರೆ ಮುಂದಿನ ಓಟದಲ್ಲಿ ಮೊದಲ ಹನಿ ಎಲ್ಲಿ ಬೀಳುತ್ತದೆ ಅನ್ನುವುದೂ ಕಾಣುತ್ತದೆ.

ಕೂಡಿಸಿದ ಮೇಲೆ

ಅಡ್ಡಪಟ್ಟಿಯನ್ನು ಅವಸರದಲ್ಲಿ ಹಾಕಬೇಡಿ. ಮೊದಲು ಖಾಲಿ ಓಟ, ಆಮೇಲೆ ಪಾತ್ರೆ ತುಂಬಿ ಮಾಮೂಲಿ ಓಟ, ಮೂರನೆಯದು ಇರುವುದರಲ್ಲೇ ಹೆಚ್ಚು ಬಿಸಿಯ ಪ್ರೋಗ್ರಾಂ, ಏಕೆಂದರೆ ತಣ್ಣೀರಿಗೆ ತಡೆದ ಜೋಡಣೆ ಬಿಸಿಗೆ ಬಾಯಿಬಿಡುವುದುಂಟು. ಮೂರರಲ್ಲೂ ಪೇಪರ್ ಒಣಗಿದ್ದರೆ ಪಟ್ಟಿ ಕೂರಿಸಿ, ಹಿಂದೆ ಹಾಸಿದ ಹಾಳೆಯನ್ನು ಮಾತ್ರ ಇನ್ನೊಂದು ವಾರ ಅಲ್ಲೇ ಬಿಡಿ. ನನ್ನದನ್ನು ಎಂಟನೆಯ ದಿನ ಎಳೆದು ತೆಗೆದಾಗ ಧೂಳು ಮಾತ್ರ ಇತ್ತು, ಹಾಗೂ ಎರಡು ವರ್ಷದ ಹಿಂದೆ ಕಳೆದುಹೋಗಿದ್ದ ಒಂದು ಚಮಚ.